ಬದಲಿಗೆ ಬಂದವಳು

ನಮ್ಮೂರಿನಲ್ಲಿ ನೆಂಟರು ಮಧ್ಯಾಹ್ನದ ಊಟ ಮುಗಿಸಿ ಗೋಡೆಗೆ ಒರಗಿ ತೂಕಡಿಸತೊಡಗಿದರೆ ಮನೆಯವರಿಗೆ ಜೀವ ಬಾಯಿಗೆ ಬರುತ್ತದೆ. ಒಬ್ಬರು ಕಾಫಿಗೆ ನೀರಿಡಲು ಓಡುತ್ತಾರೆ, ಇನ್ನೊಬ್ಬರು ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಾರೆ, ಮಕ್ಕಳಿಗೆ ಪದ್ಯ ಹೇಳಲು ಅಪ್ಪಣೆಯಾಗುತ್ತದೆ. ಅಷ್ಟಾದರೂ ನೆಂಟರ ಕಣ್ಣು ಮುಚ್ಚಿತೋ, ಕಪಾಟಿನಲ್ಲಿದ್ದ ಲೋಟಗಳು ಒಂದೊಂದಾಗಿ ಜಾರಿ ಅಂಚಿಗೆ ಬಂದು ನಿಲ್ಲುತ್ತವೆ. ಊರು ಒಂದೇ ಆದರೂ ನಮ್ಮದು ಎರಡು ಪೇಟೆ. ಮೇಲ್ಪೇಟೆ, ಕೆಳಪೇಟೆ, ನಡುವೆ ನಡುಬಾಗಿಲು. ಎರಡೂ ಕಡೆ ಮಲಗುವವರು ಸಮ ಇದ್ದರೆ ಊರು ನೆಟ್ಟಗಿರುತ್ತದೆ. ಒಬ್ಬರು ಆಚೀಚೆಯಾದರೂ ವಾಲುತ್ತದೆ. ಎಚ್ಚರವಿದ್ದವರು ಎಷ್ಟು ಜನ ಎಲ್ಲಿ ಬೇಕಾದರೂ ಓಡಾಡಲಿ, ಊರು ತಲೆ ಕೆಡಿಸಿಕೊಳ್ಳುವುದಿಲ್ಲ. ನಿದ್ದೆ ಮಾಡುವವರ ಭಾರ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಗೊತ್ತಿದ್ದವರು ಯಾರೂ ಇಲ್ಲ, ಗೊತ್ತಿಲ್ಲದ್ದರಿಂದ ಯಾರ ಕೆಲಸವೂ ನಿಂತಿಲ್ಲ. ಬೆಳಿಗ್ಗೆ ಹೆಂಚಿನ ಮೇಲೆ ಹುಯ್ದ ದೋಸೆ ಒಂದು ಕಡೆ ದಪ್ಪವಾಯಿತು ಅಂದರೆ ರಾತ್ರಿ ಯಾರೋ ಕಳ್ಳತನದಲ್ಲಿ ಆ ಕಡೆ ಮಲಗಿದ್ದಾರೆ ಎಂದು ತಿಳಿದುಕೊಳ್ಳುತ್ತೇವೆ, ದಪ್ಪ ಇರುವ ಕಡೆಗೆ ಚಟ್ನಿ ಜಾಸ್ತಿ ಹಾಕಿಕೊಂಡು ತಿನ್ನುತ್ತೇವೆ. ಮೇಲಿನ ಮದುವೆಗೆ ಹೋದ ಕೆಳಗಿನ ದಿಬ್ಬಣ ರಾತ್ರಿ ಉಳಿಯಬೇಕೆಂದರೆ ಅಷ್ಟೇ ಜನ ಮೇಲಿನವರು ಇಳಿದು ಬಂದು ಗುರುತಿಲ್ಲದವರ ಮನೆಯಲ್ಲಿ ಮಲಗಬೇಕು. ಇವರನ್ನು ಬದಲಿ ಅನ್ನುತ್ತೇವೆ. ಬದಲಿಗೆ ಬಂದವರಿಗೂ ಹೋಳಿಗೆ ಹಾಕುವುದು ನಮ್ಮ ಪದ್ಧತಿ. ನಾನು ಚಿಕ್ಕವಳಿದ್ದಾಗ ಹಾಗೆ ನಮ್ಮ ಮನೆಯಲ್ಲಿ ಮಲಗಿದ್ದ ಅಜ್ಜನೊಬ್ಬ ಬೆಳಿಗ್ಗೆ ಎದ್ದು ಮುಖ ಒರೆಸಿಕೊಳ್ಳುತ್ತಾ, "ಮದುವೆ ಹುಡುಗಿ ನೋಡೋಕೆ ಹೆಂಗಿದ್ಲಂತೆ?" ಎಂದು ನಮ್ಮನ್ನೇ ಕೇಳಿದ್ದ. ಹುಟ್ಟು ಸಾವುಗಳ ಏರುಪೇರನ್ನು ನಡುಬಾಗಿಲಿನ ಕಾವಲುಗಾರ ನಂಜುಂಡಿ ಹೇಗೋ ಸರಿದೂಗಿಸುತ್ತಾನೆ. ಅದು ಅವನ ತಲೆನೋವು.

ನನ್ನ ತಲೆನೋವು ನನ್ನ ಅಕ್ಕ. ಹೆಸರು ಜಲಜಾಕ್ಷಿ. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಮೇಲ್ಪೇಟೆಗೆ ಬದಲಿ ಹೋದಳು. ಒಂದು ರಾತ್ರಿಯ ಬದಲಿಯಲ್ಲ, ಖಾಯಂ ಬದಲಿ. ಅಮ್ಮನ ತಮ್ಮ ತಿಮ್ಮಪ್ಪ ಮಾವ ಮೇಲ್ಪೇಟೆಯಲ್ಲಿದ್ದವನು. ಅಲ್ಲಿಯ ಚಳಿಗಾಳಿಗೆ ಉಬ್ಬಸ ಹತ್ತಿ, ಕೆಳಗೆ ಹೋಗಿ ಇರದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅವನು ಇಳಿಯಬೇಕೆಂದರೆ ನಮ್ಮ ಮನೆಯಿಂದ ಒಬ್ಬರು ಹತ್ತಬೇಕು. ಅಕ್ಕನ ಓದು ಆಗಷ್ಟೇ ಮುಗಿದಿತ್ತು. ಅಮ್ಮ ಅತ್ತಳು, ಅಕ್ಕ ಅಳಲಿಲ್ಲ, ಹೋದಳು. ಅತ್ತೆ ತನ್ನ ಟೈಲರಿಂಗ್ ಅಂಗಡಿ ಬಿಡಲಾಗದೆ ಮೇಲೆಯೇ ಉಳಿದಿದ್ದಳು, ಅಕ್ಕ ಅವಳ ಜೊತೆ ಹೊಲಿಗೆ ಕಲಿತು ಅಲ್ಲೇ ಅಂಗಡಿಯ ಅಟ್ಟದಲ್ಲಿ ಮಲಗತೊಡಗಿದಳು. ಮಾವ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಹೊಟ್ಟೆ ತುಂಬ ತಿಂದು ಅವನು ಗೊರಕೆ ಹೊಡೆಯುವಾಗೆಲ್ಲ, ನಮ್ಮಕ್ಕ ಮಾಡಬೇಕಾದ ನಿದ್ದೆಯನ್ನು ಇವನು ಮಾಡುತ್ತಿದ್ದಾನೆ ಅನಿಸಿ ನನಗೆ ಹೊಟ್ಟೆ ಉರಿಯುತ್ತದೆ. ಪಾಪ, ಒಳ್ಳೆಯವನೇ. ಆದರೂ ಉರಿಯುತ್ತದೆ.

ನಾನೂ ಅಕ್ಕನೂ ಹುಟ್ಟಿದಾಗಿನಿಂದ ಒಟ್ಟಿಗೆ ಮಲಗಿದವರು. ದೀಪ ಆರಿಸಿದ ಮೇಲೆ ಅವಳು ಮಾತು ಶುರು ಮಾಡುವಳು, ನಾನು ಹೂಂಗುಟ್ಟಬೇಕು. ಹೂಂ ನಿಂತಿತೆಂದರೆ ನನಗೆ ನಿದ್ದೆ ಬಂತೆಂದು ಅವಳೂ ನಿಲ್ಲಿಸುವಳು. ಅವಳು ಹೋಗುವ ಹಿಂದಿನ ರಾತ್ರಿಯೂ ಹಾಗೇ ಆಯಿತು. "ನೋಡು ಕುಮ್ಮಿ, ನಾನು ಹೋದ್ಮೇಲೆ ನೀನೊಂದು ಕೆಲಸ ಮಾಡ್ಬೇಕು" ಎಂದಳು. ನಾನು ಹೂಂ ಅಂದೆ. ಆಮೇಲಿನದು ನನಗೆ ಗೊತ್ತಿಲ್ಲ, ಹಾಳು ನಿದ್ದೆ ಬಂದುಬಿಟ್ಟಿತ್ತು. ಆಮೇಲೆ ಎಷ್ಟೋ ಸಲ ಹಗಲು ಬಸ್ಸಿನಲ್ಲಿ ಮೇಲೆ ಹೋಗಿ ಅವಳನ್ನು ನೋಡಿದ್ದೇನೆ. ಏನು ಕೆಲಸ ಮಾಡಬೇಕಿತ್ತು ಹೇಳೇ ಎಂದು ಗೋಗರೆದಿದ್ದೇನೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ಅದು ಹಗಲಲ್ಲಿ ಹೇಳೋ ಮಾತಲ್ಲ ಬಿಡೆ" ಎಂದು ನಕ್ಕುಬಿಡುತ್ತಾಳೆ. ಹಗಲಲ್ಲಿ ನಮ್ಮ ಮಾತೆಲ್ಲ ಅಮ್ಮನ ಮಂಡಿನೋವು, ಮಾವನ ಹಸಿವು, ರವಿಕೆಯ ತೋಳು, ಇಷ್ಟೇ. ಮಾತಾಡುತ್ತಾ ಆಡುತ್ತಾ ಕೆಳಗಿನ ಬಸ್ಸಿಗೆ ಹೊತ್ತಾಗುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ಹೇಳಬೇಕಾಗಿದ್ದ ಮಾತುಗಳೆಲ್ಲ ನೆನಪಾಗುತ್ತವೆ.

ಒಂದು ಸಲ ಬೇಕೆಂದೇ ಬಸ್ಸು ತಪ್ಪಿಸಿಕೊಂಡೆ. ಅತ್ತೆಗೆ ಕಾಣದ ಹಾಗೆ ಅಟ್ಟ ಹತ್ತಿ ಅಕ್ಕನ ಪಕ್ಕ ಮಲಗಿದೆ. ನಿದ್ದೆ ಮಾಡಬಾರದು, ಬರೀ ಮಾತಾಡಬೇಕು ಎಂದು ಇಬ್ಬರೂ ಆಣೆ ಹಾಕಿಕೊಂಡಿದ್ದೆವು. ಆದರೆ ಅಕ್ಕನ ಸೆರಗಿನ ವಾಸನೆಗೆ ನನ್ನ ಕಣ್ಣು ಎಳೆಯತೊಡಗಿತು. ರೆಪ್ಪೆ ಮುಚ್ಚಿದ್ದೇ ತಡ, ಕೆಳಗೆ ಅಂಗಡಿಯಲ್ಲಿ ಗುಂಡಿಯ ಡಬ್ಬಗಳು ಧಡಧಡನೆ ಉರುಳಿದವು, ಹೊಲಿಗೆ ಮೆಷಿನ್ನು ತಾನೇ ಹೊರಟು ಬಾಗಿಲಿಗೆ ಹೋಗಿ ಗುದ್ದಿತು. ಅತ್ತೆ ಎದ್ದು ಬಂದು ಮುಖಕ್ಕೆ ನೀರೆರಚಿ, ಬೈದು, ನಂಜುಂಡಿಯನ್ನು ಕರೆಸಿ ನನ್ನನ್ನು ಕೆಳಗೆ ಸಾಗಿಸಿದಳು. ಮಾರನೇ ದಿನ ಇಡೀ ಊರಿಗೆ ಸುದ್ದಿ. ಬೀದಿಯಲ್ಲಿ ಹೋದರೆ, "ಏನಮ್ಮ, ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳುವವರೇ.

ಅಕ್ಕನ ಹತ್ತಿರ ಹೋಗಿ ಇರಲು ನ್ಯಾಯವಾದ ದಾರಿ ಒಂದೇ ಇತ್ತು, ಮೇಲ್ಪೇಟೆಯ ಬಿಸಿನೆಸ್ ಸ್ಕೂಲು. ನಾನು ಓದುತ್ತಿದ್ದುದು ಕೆಳಪೇಟೆಯ ಕಾಮರ್ಸ್ ಕಾಲೇಜಿನಲ್ಲಿ. ಅಲ್ಲಿಯ ಮೇಷ್ಟ್ರುಗಳು ತಮ್ಮ ಮೇಷ್ಟ್ರುಗಳು ಬರೆಸಿದ್ದನ್ನೇ ನಮಗೆ ಬರೆಸುತ್ತಿದ್ದರು. ವರ್ಷಕ್ಕೊಮ್ಮೆ ಬಿಸಿನೆಸ್ ಸ್ಕೂಲಿನವರು ನಮ್ಮ ಕಾಲೇಜಿನಿಂದ ಒಬ್ಬರನ್ನು, ಬರೀ ಒಬ್ಬರನ್ನು, ನಡುವರ್ಷದಲ್ಲಿ ವರ್ಗ ಮಾಡಿಕೊಳ್ಳುತ್ತಾರೆ. ಅಕ್ಕನಿಗಾಗಿ ಮಾತ್ರ ಹೊರಟೆ ಅಂದರೆ ಸುಳ್ಳಾಗುತ್ತದೆ. ಆ ಸ್ಕೂಲಿನ ಅಂಗಳದಲ್ಲಿ ಬುಧವಾರ ಬುಧವಾರ ಹುಡುಗ ಹುಡುಗಿಯರೇ ನಿಜವಾದ ಸಂತೆ ಹಾಕುತ್ತಾರೆ. ಅಕ್ಕನನ್ನು ನೋಡಲು ಹೋದಾಗೆಲ್ಲ ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ಒಂದು ದಿನ ಅಕ್ಕಪಕ್ಕ ಕೂತ ಇಬ್ಬರು ಹುಡುಗಿಯರ ಹತ್ತಿರವೂ ಬದನೆಕಾಯಿ ಉಳಿದಿತ್ತು. ಹೊತ್ತು ಇಳಿಯುತ್ತಿದ್ದ ಹಾಗೆ ಒಬ್ಬಳು ಬೆಲೆ ಇಳಿಸಿದಳು, ಇನ್ನೊಬ್ಬಳು ಏರಿಸಿದಳು. ಜನ ಏರಿಸಿದವಳ ಹತ್ತಿರವೇ ಹೋದರು! ಯಾಕೆ? ಈ ಪ್ರಶ್ನೆ ಹುಳದ ಹಾಗೆ ತಲೆಯೊಳಗೆ ಹೊಕ್ಕಿತು. ಬೇಲಿಯ ಆಚೆ ಹೋದರೆ ಇದಕ್ಕೆ ಉತ್ತರ ಸಿಗುತ್ತದೆ, ಸಂಜೆ ಅದನ್ನು ಅಕ್ಕನಿಗೆ ಹೇಳುತ್ತಾ ಮಲಗಬಹುದು ಎಂಬುದೇ ನನ್ನ ಆಸೆಯಾಯಿತು. ಎರಡು ಆಸೆ ಯಾವಾಗ ಒಂದಾದವೋ ನನಗೇ ತಿಳಿಯಲಿಲ್ಲ.

ಒಬ್ಬರನ್ನೇ ತೆಗೆದುಕೊಳ್ಳುವ ಕಡೆ ಎಲ್ಲರಿಗಿಂತ ಬೇರೆಯಾಗಿ ಕಾಣಬೇಕು. ಹಾಗೆಂದು ನಮಗೆ ತರಬೇತಿ ಕೊಡುತ್ತಿದ್ದ ಕೇಶವಯ್ಯ ಮೇಷ್ಟ್ರು ಮೂರು ಹೊತ್ತೂ ಹೇಳುತ್ತಿದ್ದರು. "ಮಾರ್ಕ್ಸು ಎಲ್ಲರ ಹತ್ರಾನೂ ಇರುತ್ತೆ ಕಣ್ರಮ್ಮ. ಅವರು ನೋಡೋದು, ಇವಳಲ್ಲಿ ಏನು ವಿಶೇಷ ಅಂತ." ಹೋದ ವರ್ಷ ಸೀಟು ಸಿಕ್ಕಿದ ಹುಡುಗ ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರಿದ್ದನಂತೆ. ಅಷ್ಟು ಸಾಕಾಯಿತು. ಈ ವರ್ಷ ಅರ್ಜಿ ಹಾಕಿದವರೆಲ್ಲರ ಮನೆಯಲ್ಲೂ ಉಪ್ಪಿನಕಾಯಿ! ಕೆಳಪೇಟೆಯಲ್ಲಿ ಭರಣಿಗೆ ಬರ ಬಂತು. ಮಾವಿನಕಾಯಿ ಮುಗಿದು ನಿಂಬೆ, ನಿಂಬೆ ಮುಗಿದು ನೆಲ್ಲಿ, ಕೊನೆಗೆ ಯಾರೋ ಹಾಗಲಕಾಯಿಗೂ ಕೈ ಹಚ್ಚಿದರು. ನನ್ನ ಪಾಲಿಗೆ ಉಳಿದದ್ದು ಹೇರಳೆಕಾಯಿ. ಅಮ್ಮನೂ ನಾನೂ ಹೆಚ್ಚಿ ಹೆಚ್ಚಿ ಕೈಯೆಲ್ಲ ಉರಿ. ಕೊಳ್ಳುವವರು ಯಾರು? ಒಬ್ಬರ ಮನೆಗೆ ಇನ್ನೊಬ್ಬರು ಮಾರಲು ಹೋಗಿ, ಇಬ್ಬರೂ ಮುಖ ನೋಡಿಕೊಂಡು ವಾಪಸು ಬರುತ್ತಿದ್ದೆವು. ಮನೆಯಲ್ಲಿ ದೋಸೆಗೂ ಅದೇ, ಉಪ್ಪಿಟ್ಟಿಗೂ ಅದೇ. ತಿಮ್ಮಪ್ಪ ಮಾವ ಒಬ್ಬನೇ ಖುಷಿಯಾಗಿದ್ದ.

ಇನ್ನೂ ದೊಡ್ಡ ಫಜೀತಿ ಬದಲಿಯದು. ಸೀಟು ಸಿಕ್ಕಿದವರು ಮೇಲೆಯೇ ಇದ್ದು ಓದಬೇಕೆಂಬುದು ಸ್ಕೂಲಿನ ನಿಯಮ, ಅದಕ್ಕೆ ಮೇಲಿನವರೊಬ್ಬರು ಇಳಿದು ಬರಬೇಕು. ಮೇಲ್ಪೇಟೆಯವರಿಗೆ ಕೆಳಪೇಟೆಯ ನೀರು ಉಪ್ಪು, ಸೊಳ್ಳೆ ಜಾಸ್ತಿ, ಬಿಸಿಲು ಜಾಸ್ತಿ. ಯಾರು ಬರುತ್ತಾರೆ? ಉಳ್ಳವರು ಮೊದಲೇ ಯಾರನ್ನಾದರೂ ಗೊತ್ತುಮಾಡಿಕೊಂಡಿರುತ್ತಾರೆ. ನಮ್ಮ ಕಾಲೇಜಿನ ಶ್ರೀಪತಿ ಎಂಬ ಹುಡುಗ ಇನ್ನೂ ಜಾಣ. ತನಗೆ ನಿದ್ದೆಯೇ ಕಡಿಮೆ, ತಾನು ಬಂದರೆ ಊರಿಗೆ ಗೊತ್ತೂ ಆಗುವುದಿಲ್ಲ ಎಂದು ಅರ್ಜಿಯಲ್ಲೇ ಬರೆದಿದ್ದ. ನಾನು ನಾಚಿಕೆ ಬಿಟ್ಟು ಅತ್ತೆಯನ್ನೇ ಕೇಳಿದೆ. "ಅತ್ತೆ, ನೀವು ಬಂದ್ಬಿಡಿ. ಮಾವನೂ ಅಲ್ಲೇ ಇದ್ದಾರಲ್ಲ."

"ಆ ಗೊರಕೆ ಕೇಳೋಕೆ ಅಂಗಡಿ ಮುಚ್ಚಿ ಬರ್ಲಾ?" ಎಂದಳು ಅತ್ತೆ. "ನಾನು ನೆಮ್ಮದಿಯಾಗಿರೋದು ಕಂಡ್ರೆ ನಿನಗೇನೇ ಕಷ್ಟ?"

ಸಂದರ್ಶನದ ದಿನ ಬಿಸಿನೆಸ್ ಸ್ಕೂಲಿನ ವರಾಂಡ ಉಪ್ಪಿನಕಾಯಿ ಅಂಗಡಿಯಾಗಿತ್ತು. ಎಲ್ಲರ ತೊಡೆಯ ಮೇಲೂ ಒಂದೊಂದು ಬಾಟಲಿ. ನನ್ನ ಸರದಿ ಬರುವ ಹೊತ್ತಿಗೆ ಒಳಗಿದ್ದ ಮೂವರ ಮುಖವೂ ಬಾಟಲಿ ನೋಡಿ ನೋಡಿಯೇ ಹುಳಿಯಾಗಿತ್ತು. ನಡುವೆ ಕೂತಿದ್ದವರು ವಿಶಾಲಾಕ್ಷಮ್ಮ ಮೇಡಂ, ಆ ಸ್ಕೂಲಿನ ಮುಖ್ಯಸ್ಥೆ.

"ಹೇಳಮ್ಮ, ನಿಂದು ಯಾವ ಉಪ್ಪಿನಕಾಯಿ?" ಎಂದರು.

"ಹೇರಳೆಕಾಯಿದು ಮೇಡಂ."

"ವ್ಯಾಪಾರ ಹೆಂಗಿದೆ?"

ಕೇಶವಯ್ಯ ಮೇಷ್ಟ್ರು ಉರು ಹೊಡೆಸಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಏನಾಯಿತೋ ಏನೋ, ಅದು ಬರಲಿಲ್ಲ. "ಒಂದು ಬಾಟಲೀನೂ ಹೋಗಿಲ್ಲ ಮೇಡಂ" ಎಂದುಬಿಟ್ಟೆ. "ಬೀದಿಗೆಲ್ಲ ಅದೇ ಆಗಿದೆ. ನಾವ್ಯಾರೂ ತಿನ್ನೋರಿಗೆ ಅಂತ ಮಾಡ್ಲಿಲ್ಲ, ನಿಮಗೆ ತೋರಿಸೋಕೆ ಮಾಡಿದ್ವಿ. ನಮ್ಮ ಗಿರಾಕಿ ಅಂದ್ರೆ ನೀವು ಮೂರು ಜನ. ನೀವೋ, ರುಚಿ ಕೂಡ ನೋಡ್ಲಿಲ್ಲ."

ಪಕ್ಕದಲ್ಲಿ ಕೂತಿದ್ದವರೊಬ್ಬರು ಕೆಮ್ಮಿದ ಹಾಗೆ ಮಾಡಿ ನಕ್ಕರು. ವಿಶಾಲಾಕ್ಷಮ್ಮ ನಗಲಿಲ್ಲ. ಕನ್ನಡಕ ತೆಗೆದಿಟ್ಟು, "ಮತ್ತೆ ಇಲ್ಲಿಗೆ ಯಾಕೆ ಬರ್ಬೇಕು ಅಂತಿದೀಯ?" ಎಂದು ಕೇಳಿದರು. ನಾನು ಬದನೆಕಾಯಿಯ ವಿಷಯ ಹೇಳಿದೆ. ಬೇಲಿಯ ಹೊರಗೆ ನಿಂತು ನೋಡಿದ್ದು, ಯಾಕೆ ಹಾಗಾಯಿತೆಂದು ಇವತ್ತಿಗೂ ಹೊಳೆಯದೆ ಇರುವುದು, ಎಲ್ಲ. ಅವರು ಅಷ್ಟೂ ಕೇಳಿಸಿಕೊಂಡು, "ಅಷ್ಟೇನಾ?" ಎಂದರು.

"ಅಷ್ಟೇ ಅಲ್ಲ ಮೇಡಂ. ನಮ್ಮಕ್ಕ ಈ ಕಡೆ ಇದ್ದಾಳೆ. ಅವಳ ಪಕ್ಕ ಮಲಗ್ಬೇಕು."

"ಮಲಗ್ಬೇಕು?"

"ಹೂಂ ಮೇಡಂ. ಹಗಲು ಬಂದು ನೋಡ್ಕೊಂಡು ಹೋಗ್ತೀನಿ. ಆದ್ರೆ ಮನಸ್ಸಲ್ಲಿರೋದು ದೀಪ ಆರಿಸಿದ ಮೇಲೆ ತಾನೆ ಬಾಯಿಗೆ ಬರೋದು?"

ಇಷ್ಟು ದೊಡ್ಡ ಸ್ಕೂಲಿಗೆ ಬಂದು ಇಂಥ ಮಾತಾಡಿದೆನಲ್ಲ, ಮೇಷ್ಟ್ರು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಅನಿಸಿತು. ವಿಶಾಲಾಕ್ಷಮ್ಮ ಕಿಟಕಿಯ ಕಡೆ ನೋಡಿದರು. ಆ ಕಿಟಕಿಯಿಂದ ಕೆಳಪೇಟೆಯ ಹೆಂಚುಗಳು ಕಾಣುತ್ತವೆ. "ಇಂಥದ್ದು ಯಾರ ಮನೇಲಿಲ್ಲ ಹೇಳು" ಎಂದರು. ಆಮೇಲೆ, "ಬದಲಿ ಇದ್ದಾರಾ?" ಎಂದರು. ಇಲ್ಲ ಅಂದೆ. ಹೊರಡಲು ಎದ್ದಾಗ ಅವರೇ ಕರೆದು, "ಆ ಬಾಟಲಿ ಇಲ್ಲಿ ಇಟ್ಟು ಹೋಗು, ರುಚಿ ನೋಡ್ತೀವಿ" ಎಂದರು.

ಅಲ್ಲಿಂದ ನೇರವಾಗಿ ಅತ್ತೆಯ ಅಂಗಡಿಗೆ ಓಡಿದೆ. ಎಲ್ಲ ಕೇಳಿ ಅಕ್ಕ ಬಿದ್ದೂ ಬಿದ್ದೂ ನಕ್ಕಳು. "ಮಲಗ್ಬೇಕು ಅಂದ್ಯಾ? ಅವರ ಮುಂದೆ? ಲೇ ಹುಚ್ಚಿ!" ಅವಳ ಕಣ್ಣಲ್ಲಿ ನೀರು ಬಂತು, ಅದು ನಗುವಿನದೇ ಇರಬೇಕು ಅಂದುಕೊಂಡೆ. ಅಟ್ಟದಲ್ಲಿ ಇಬ್ಬರಿಗೆ ಜಾಗವಾಗುತ್ತದಾ ಎಂದು ಕೇಳಿದೆ.

"ನೀನು ಒದೆಯೋದು ಬಿಟ್ಟಿದ್ರೆ ಆಗುತ್ತೆ" ಎಂದಳು.

ಅವತ್ತೇ ಅಂಗಡಿಯ ಚೂರು ಬಟ್ಟೆಗಳನ್ನೆಲ್ಲ ಗುಡ್ಡೆ ಹಾಕಿ, ಇಬ್ಬರಿಗಾಗುವ ಒಂದು ಅಗಲವಾದ ಕೌದಿ ಹೊಲಿಯಲು ಶುರು ಮಾಡಿದಳು. ಹಳದಿ ಚೂರು ಎಲ್ಲಿ ಬರಬೇಕು, ಹಸಿರು ಎಲ್ಲಿ ಎಂದು ನಾವಿಬ್ಬರೂ ಜಗಳವಾಡಿದೆವು. ಆ ಸಂಜೆ ಬಸ್ಸಿನಲ್ಲಿ ಹೇಳದೆ ಉಳಿದ ಮಾತುಗಳು ನೆನಪಾದರೂ, ಅಟ್ಟದಲ್ಲಿ ಹೇಳಿದರಾಯಿತು ಅಂದುಕೊಂಡೆ.

ನಂಜುಂಡಿ ತಮಟೆ ಹೊಡೆದುಕೊಂಡು ನಮ್ಮ ಬೀದಿಗೆ ಬಂದು, ಸೀಟು ಕುಮುದಾಗೆ ಎಂದು ಕೂಗಿದ ದಿನ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಕೇಶವಯ್ಯ ಮೇಷ್ಟ್ರು, "ಹೇರಳೆಕಾಯಿ! ನಾನು ಹೇಳಿರ್ಲಿಲ್ವಾ?" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಮುಂದಿನ ವರ್ಷ ಹೇರಳೆಕಾಯಿಗೆ ಏನು ಗತಿಯೋ. ಸಂತೋಷದ ಜೊತೆಗೇ ಸಂಕಟವೂ ಬಂತು. ಸೇರುವ ಗಡುವಿನೊಳಗೆ ಬದಲಿ ಸಿಗದಿದ್ದರೆ ಸೀಟು ಶ್ರೀಪತಿಗೆ ಹೋಗುತ್ತದೆ. ನಂಜುಂಡಿ ಮೇಲ್ಪೇಟೆಯ ಬೀದಿಬೀದಿಯಲ್ಲೂ ನನ್ನ ಹೆಸರು ಹೇಳಿ, ಕೆಳಕ್ಕೆ ಒಬ್ಬರು ಬೇಕು ಎಂದು ಸಾರಿದ. ಯಾರೂ ಬರಲಿಲ್ಲ. ಮತ್ತೆ ಸಾರಿದ. ಒಬ್ಬ ಮುದುಕ ವಿಚಾರಿಸಲು ಬಂದನಂತೆ, ಕೆಳಗೆ ಸೊಳ್ಳೆ ಎಷ್ಟಿವೆ ಎಂದು ಕೇಳಿ ವಾಪಸು ಹೋದನಂತೆ. ನಾನು ಊಟ ಬಿಟ್ಟೆ. ತಿಮ್ಮಪ್ಪ ಮಾವ ನನ್ನ ಎದುರು ಬಂದು ಕೂತು, "ನಾನೇ ಮೇಲಕ್ಕೆ ವಾಪಸ್ ಹೋಗ್ತೀನಿ ಕಣಮ್ಮ, ಏನಾದ್ರೂ ಉಪಯೋಗ ಆಗುತ್ತಾ?" ಎಂದ. ಅವನು ಹೋದರೆ ಇನ್ನೊಬ್ಬರು ಇಳಿಯಬೇಕು, ಆಗ ಇಬ್ಬರು ಬದಲಿ ಬೇಕಾಗುತ್ತದೆ ಎಂದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, ಹೌದಲ್ಲ ಎಂದು ತಲೆ ತಗ್ಗಿಸಿದ. ಅವತ್ತು ಅವನ ಮೇಲಿನ ಉರಿ ಸ್ವಲ್ಪ ತಣ್ಣಗಾಯಿತು.

ಗಡುವು ಮುಗಿಯಲು ಇನ್ನೇನು ಬಂತು ಅನ್ನುವಾಗ ನಂಜುಂಡಿ ಮನೆಗೇ ಬಂದ. ತಮಟೆ ತಂದಿರಲಿಲ್ಲ. "ಸಿಕ್ತು ಕಣಮ್ಮ. ನಾಳೆ ಗಂಟುಮೂಟೆ ಕಟ್ಕೊಂಡು ಬಾ" ಎಂದ. ಯಾರು ಎಂದು ಕೇಳಿದೆ. ಬದಲಿಯ ಹೆಸರನ್ನು ನಡುಬಾಗಿಲಿಗೆ ಬರುವವರೆಗೆ ಹೇಳುವುದಿಲ್ಲ, ಅದು ಪದ್ಧತಿ. ಹೇಳಿದರೆ ಮನೆಯವರು ಹೋಗಿ ಕಾಲು ಹಿಡಿದು ಮನಸ್ಸು ಕೆಡಿಸುತ್ತಾರೆ. ಆದರೆ ನಂಜುಂಡಿ ನನ್ನ ಮುಖ ನೋಡಲಿಲ್ಲ, ಅಮ್ಮ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೋದ. ನನಗೆ ಆಗಲೇ ತಿಳಿಯಬೇಕಿತ್ತು. ಎಲ್ಲಿ ತಿಳಿಯುತ್ತದೆ? ನಾನಾಗಲೇ ಮನಸ್ಸಿನಲ್ಲಿ ಅಟ್ಟ ಹತ್ತಿ, ಕೌದಿ ಹೊದ್ದು, ದೀಪ ಆರಿಸಿ ಆಗಿತ್ತು.

ಬೆಳಿಗ್ಗೆ ಹೊರಡುವಾಗ ಅಮ್ಮ ನನ್ನ ಹಾಸಿಗೆ ಮಡಚಲು ಬಂದಳು. ಯಾಕೋ ಏನೋ, ಬೇಡ, ಹಾಗೇ ಇರಲಿ ಎಂದೆ. ತಲೆದಿಂಬು ಮಾತ್ರ ಕಂಕುಳಲ್ಲಿಟ್ಟುಕೊಂಡೆ. ಖಾಯಂ ಬದಲಿಯಾಗುವ ಇಬ್ಬರು ನಡುಬಾಗಿಲಲ್ಲಿ ತಲೆದಿಂಬು ಬದಲಿಸಿಕೊಂಡು, ಒಟ್ಟಿಗೆ ಬಲಗಾಲಿಟ್ಟು ಹೊಸಲು ದಾಟಬೇಕು. ನಡುಬಾಗಿಲೆಂದರೆ ಬರೀ ಬಾಗಿಲಲ್ಲ, ಒಂದು ಉದ್ದನೆಯ ಮಂಟಪ. ಆ ತುದಿಗೊಂದು ಬಾಗಿಲು, ಈ ತುದಿಗೊಂದು. ನಡುವೆ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನೀರು ತುಂಬಿದ ಹಿತ್ತಾಳೆ ಪರಾತ. ಊರು ವಾಲಿದೆಯೋ ಇಲ್ಲವೋ ಎಂದು ನಂಜುಂಡಿ ಅದರಲ್ಲೇ ನೋಡುವುದು.

ನನಗೆ ಮೊದಲು ಕಂಡದ್ದು ತಲೆದಿಂಬು. ನೇರಳೆ ಬಣ್ಣದ ಕವಚ, ಅಂಚಿನಲ್ಲಿ ಜರಿ. ಅದು ಅಮ್ಮನ ಹಳೇ ಸೀರೆಯದು. ಅದನ್ನು ಹರಿದು ನಾವಿಬ್ಬರೂ ಒಂದೊಂದು ಕವಚ ಹೊಲಿದುಕೊಂಡಿದ್ದೆವು, ನನ್ನ ಕಂಕುಳಲ್ಲಿದ್ದುದೂ ಅದೇ. ಆಮೇಲೆ ದಿಂಬು ಹಿಡಿದವಳ ಮುಖ ಕಂಡಿತು. ಅಕ್ಕ ಕೌದಿಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು, ಒಂದು ಟ್ರಂಕು ಪಕ್ಕಕ್ಕಿಟ್ಟುಕೊಂಡು ನಿಂತಿದ್ದಳು.

"ನೀನ್ಯಾಕೆ ಬಂದೆ?" ಎಂದೆ. ಮತ್ತೆ ಇನ್ನೂ ಜೋರಾಗಿ ಕೇಳಿದೆ. "ನೀನ್ಯಾಕೇ ಬಂದೆ?"

"ಕೂಗಾಡ್ಬೇಡ" ಎಂದಳು. "ನಂಜುಂಡಿ ಎಷ್ಟು ಸಲ ಸಾರಿದ ಗೊತ್ತಾ? ಅಂಗಡಿ ಮುಂದೇನೇ ನಿಂತು ನಿನ್ನ ಹೆಸರು ಕೂಗೋನು. ಯಾರೂ ಹೋಗ್ಲಿಲ್ಲ. ಶ್ರೀಪತಿಗೆ ಹೋಗ್ತಿತ್ತು ಸೀಟು."

"ಹೋಗ್ಲಿ! ಹಾಳಾಗಿ ಹೋಗ್ಲಿ! ನನಗೆ ಬೇಡ. ನಾನು ಯಾರಿಗೋಸ್ಕರ ಬರ್ತಿದ್ದೆ?" ನಾನು ದಿಂಬನ್ನು ಕಟ್ಟೆಯ ಮೇಲೆ ಒಗೆದೆ. ಪರಾತದ ನೀರು ತುಳುಕಿತು. "ನಾನು ವಾಪಸ್ ಹೋಗ್ತೀನಿ."

"ಹೋಗು. ನೀನು ಹೋದ್ರೆ ನಾನೂ ವಾಪಸ್ ಹೋಗ್ಬೇಕು. ಆಗ್ಲೂ ನೀನು ಅಲ್ಲಿ, ನಾನು ಇಲ್ಲಿ. ಲೆಕ್ಕ ಹಾಕು, ಬಿಸಿನೆಸ್ ಓದೋಳು ನೀನು."

ಲೆಕ್ಕ ಹಾಕಿದೆ. ಮಾವನಂತೆ ಬೆರಳು ಮಡಚಿ ಮಡಚಿ ಹಾಕಿದೆ. ಉಬ್ಬಸದ ಮಾವನನ್ನು ಮತ್ತೆ ಮೇಲಿನ ಚಳಿಗೆ ಕಳಿಸದೆ, ಯಾವ ಕಡೆಯಿಂದ ಹಾಕಿದರೂ ನಾವಿಬ್ಬರೂ ಒಂದು ಸೂರಿನಡಿ ಬರಲಿಲ್ಲ. ನನಗೆ ಅಳು ಬಂತು, ಜನ ನೋಡುತ್ತಾರೆಂದು ನಾಚಿಕೆಯೂ ಆಗಲಿಲ್ಲ. ಅಕ್ಕ ಸೆರಗಿನಲ್ಲಿ ನನ್ನ ಮೂಗು ಒರೆಸಿದಳು, ಚಿಕ್ಕಂದಿನಲ್ಲಿ ಒರೆಸಿದ ಹಾಗೇ, ನೋಯುವಂತೆ.

"ಎಲ್ಲಾ ನಿನಗೋಸ್ಕರ ಅಂತ ತಿಳ್ಕೋಬೇಡ, ಕೊಬ್ಬು ಬಂದ್ಬಿಡುತ್ತೆ. ನನಗೂ ಅಮ್ಮನ ಕೈ ಸಾರು ಉಣ್ಬೇಕು ಅನ್ಸಿತ್ತು" ಎಂದಳು. "ಬದನೆಕಾಯಿ ವಿಷಯ ಗೊತ್ತಾದ ಮೇಲೆ ಬಂದು ಹೇಳು. ನನಗೂ ತಲೆ ಕೊರೀತಿದೆ."

"ಆಯ್ತೇನ್ರಮ್ಮ?" ನಂಜುಂಡಿ ಮೆಲ್ಲಗೆ ಕೇಳಿದ. "ಬಸ್ಸು ಕಾಯ್ತಿದಾವೆ. ದಿಂಬು ಬದಲಿಸಿಕೊಳ್ಳಿ."

ಆಗ ನಾನು ಪರಾತದ ಕಡೆ ನೋಡಿದೆ. ನಾನು ತುಳುಕಿಸಿದ ನೀರು ನಿಧಾನವಾಗಿ ನಿಂತು ಸಮವಾಗಿತ್ತು. ಈ ಕಟ್ಟೆ ಮೇಲ್ಪೇಟೆಯೂ ಅಲ್ಲ, ಕೆಳಪೇಟೆಯೂ ಅಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ!

"ನಂಜುಂಡಣ್ಣ, ಈ ಕಟ್ಟೆ ಮೇಲೆ ಮಲಗಿದ್ರೆ ಏನಾಗುತ್ತೆ?" ಎಂದೆ.

"ಇಲ್ಲಿ ಯಾರೂ ಮಲಗಲ್ಲ ಕಣಮ್ಮ."

"ಮಲಗಬಾರದು ಅಂತ ಇದೆಯಾ?"

ಅವನು ತಲೆ ಕೆರೆದುಕೊಂಡ. "ಹಂಗೇನಿಲ್ಲ. ಇದುವರೆಗೂ ಯಾರೂ ಕೇಳಿಲ್ಲ."

ಅಕ್ಕ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅವಳು ಹೆಗಲ ಮೇಲಿನ ಕೌದಿಯನ್ನು ತೆಗೆದು ಕೊಡವಿದಳು. ಪರಾತವನ್ನು ತುದಿಗೆ ಸರಿಸಿ, ದಿಂಬುಗಳನ್ನು ಪಕ್ಕಪಕ್ಕ ಇಟ್ಟು ಇಬ್ಬರೂ ಮಲಗಿದೆವು. ಕಲ್ಲು ತಣ್ಣಗಿತ್ತು. ಕೌದಿ ಇಬ್ಬರಿಗೂ ಸರಿಯಾಗಿ ಸಾಲುತ್ತಿತ್ತು. ಹಳದಿ ಚೂರು ನಾನು ಹೇಳಿದ ಜಾಗದಲ್ಲೇ ಇತ್ತು. ಹೊರಗೆ ಜನ ಸೇರಿ, ಇದೇನು ಹಗಲು ಹೊತ್ತಲ್ಲಿ, ಇಬ್ಬರು ಹುಡುಗೀರಿಗೂ ಹುಚ್ಚು ಹಿಡಿದಿದೆಯಾ ಎನ್ನುತ್ತಿದ್ದರು. "ದೀಪ ಆರಿಸು" ಎಂದಳು ಅಕ್ಕ, ಯಾರಿಗೆಂದು ಗೊತ್ತಿಲ್ಲ. ನಂಜುಂಡಿ ಹೋಗಿ ಮೊದಲು ಮೇಲಿನ ಬಾಗಿಲು ಹಾಕಿದ, ಆಮೇಲೆ ಕೆಳಗಿನದು. ಮಂಟಪದಲ್ಲಿ ಕತ್ತಲಾಯಿತು.

"ಅಕ್ಕಾ, ಅವತ್ತು ನಾನೇನು ಮಾಡ್ಬೇಕು ಅಂತ ಹೇಳ್ತಿದ್ದೆ?"

"ಯಾವತ್ತು?"

"ನೀನು ಹೋಗೋ ಹಿಂದಿನ ದಿನ."

"ಓ, ಅದಾ" ಎಂದಳು. "ನನ್ನ ಹಾಸಿಗೆ ಮಡಚಬೇಡ ಅನ್ನೋಣ ಅಂತಿದ್ದೆ. ಹಾಸೇ ಇರ್ಲಿ ಅಂತ. ನಾನೆಲ್ಲೋ ಇಲ್ಲೇ ಹೊರಗೆ ಹೋಗಿದೀನಿ, ಬರ್ತೀನಿ ಅನ್ನೋ ಹಂಗೆ. ಅಷ್ಟೇ."

"ಅಮ್ಮ ಅವತ್ತೇ ಮಡಚಿಟ್ಳು."

"ಗೊತ್ತು. ಮಡಚ್ದೆ ಇನ್ನೇನು ಮಾಡ್ತಾಳೆ? ಮಾವ ಮಲಗ್ಬೇಕಿತ್ತಲ್ಲ."

"ನನ್ನದು ಇವತ್ತು ಹಾಸೇ ಇದೆ" ಎಂದೆ. "ಮಡಚೋಕೆ ಬಂದ್ಳು, ಬೇಡ ಅಂದೆ."

ಕತ್ತಲಲ್ಲಿ ಅವಳು ನಕ್ಕದ್ದು ಕೇಳಿಸಿತು. "ಹಂಗಾದ್ರೆ ಇವತ್ತು ಅಲ್ಲೇ ಬಿದ್ಕೊಳ್ತೀನಿ" ಎಂದು ನನ್ನ ಕಡೆಗೆ ಹೊರಳಿದಳು. ಅವಳ ಕೈ ನನ್ನ ಮೇಲೆ ಬಂತು. ಹೊಲಿದು ಹೊಲಿದು ಅವಳ ಬೆರಳ ತುದಿಗಳೆಲ್ಲ ಒರಟಾಗಿದ್ದವು, ಇದು ಹಗಲಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ನಾನು ಮಾತು ಶುರು ಮಾಡಿದೆ. ವರ್ಷಗಳಿಂದ ಬಸ್ಸಿನಲ್ಲಿ ನೆನಪಾಗಿ ಉಳಿದಿದ್ದ ಮಾತುಗಳನ್ನೆಲ್ಲ, ಅಮ್ಮ ಈಗಲೂ ಅಭ್ಯಾಸಬಲದಲ್ಲಿ ಒಂದು ತಟ್ಟೆ ಜಾಸ್ತಿ ಇಟ್ಟು ಮತ್ತೆ ತೆಗೆದಿಡುವುದನ್ನು, ಕಾಲೇಜಿನಲ್ಲಿ ನನಗೆ ಒಬ್ಬಳೂ ಗೆಳತಿಯಿಲ್ಲದ್ದನ್ನು, ಮೇಲೆ ಹೋಗಿ ಒಬ್ಬಳೇ ಮಲಗಲು ನನಗೆ ಭಯವಾಗುತ್ತಿರುವುದನ್ನು, ಒಂದರ ಹಿಂದೆ ಒಂದು ಹೇಳಿದೆ. ಅವಳು ಹೂಂ ಅಂದಳು. ಹೂಂ. ಸ್ವಲ್ಪ ತಡವಾಗಿ ಹೂಂ. ಆಮೇಲೆ ಇಲ್ಲ.

"ಅಕ್ಕಾ?" ಎಂದೆ.

ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ರಾತ್ರಿಯೆಲ್ಲ ಎದ್ದು ಕೂತು ಕೌದಿ ಮುಗಿಸಿದ್ದಳೆಂದು ಕಾಣುತ್ತದೆ. ಬಾಗಿಲ ಸಂದಿಯಿಂದ ಬೆಳಕು ಬಿತ್ತು. ನಂಜುಂಡಿ ಇಣುಕಿ ನೋಡಿ, ಏಳಿಸಲಾ ಎಂದು ಕೈಯಲ್ಲೇ ಕೇಳಿದ. ನಾನು ಕತ್ತು ಎತ್ತಿ ಪರಾತ ನೋಡಿದೆ. ಅಕ್ಕ ನಿದ್ದೆಯಲ್ಲಿದ್ದರೂ ನೀರು ಅಲ್ಲಾಡಿರಲಿಲ್ಲ. ಬೇಡ ಎಂದು ಸನ್ನೆ ಮಾಡಿ, ಕಣ್ಣು ಬಿಟ್ಟುಕೊಂಡೇ ಮಲಗಿದೆ. ಹೊರಗೆ ಮೇಲಿನ ಬಸ್ಸೂ ಕೆಳಗಿನ ಬಸ್ಸೂ ಹಾರ್ನ್ ಹೊಡೆಯುತ್ತಿದ್ದವು. ಹೊಡೆಯಲಿ.